ನೀವು ಎಲ್ಲಿದ್ದೀರಿ?

ವೆಂಟ್ಸ್‌ಪಿಲ್ಸ್ ಬಂದರಿನಲ್ಲಿ, ಮರದ ಲಾರಿಗಳ ಗೇಟಿನ ಪಕ್ಕ
ನನ್ನ ತೂಕದ ಕೋಣೆ. ಮೂರು ಹೆಜ್ಜೆ ಉದ್ದ, ಎರಡು ಅಗಲ.
ಒಂದು ಹೀಟರು, ಅದಕ್ಕೂ ಕೆಮ್ಮು.
ಹೊರಗೆ ಬಾಲ್ಟಿಕ್ ಗಾಳಿ ತಗಡಿನ ಬೋರ್ಡು ಬಡಿಯುತ್ತದೆ
ಕೊಟ್ಟ ಸಾಲ ಕೇಳಲು ಬಂದವನ ಹಾಗೆ.

ಹಳೆಯ ಕಂಪ್ಯೂಟರು ನವೆಂಬರಿನಲ್ಲಿ ಸತ್ತಿತು.
ಹೊಸದಕ್ಕೆ ನಮ್ಮ ತೂಕದ ತಂತ್ರಾಂಶ ಒಗ್ಗಲಿಲ್ಲ.
ರೀಗಾದಿಂದ ಒಬ್ಬ ಹುಡುಗ ಬಂದು
ಹೊಸದರ ಹೊಟ್ಟೆಯಲ್ಲಿ ಹಳೆಯದನ್ನು ಕೂರಿಸಿದ:
ಕಿಟಕಿಯೊಳಗೊಂದು ಕಿಟಕಿ,
ಅದರ ಮೂಲೆಯಲ್ಲಿ ಅದೇ ಗಡಿಯಾರ, ಹತ್ತು ನಿಮಿಷ ಹಿಂದೆ.
"ಒಳಗಿನದು ಅತಿಥಿ, ಹೊರಗಿನದು ಆತಿಥೇಯ" ಅಂದ.
ಅಷ್ಟು ಹೇಳಿದವನು ಕಾಫಿಗೂ ನಿಲ್ಲಲಿಲ್ಲ.

ಇವತ್ತು ಹನ್ನೊಂದಕ್ಕೆ ಕರೆಂಟು ಹೋಗಿ ಬಂತು.
ಆಮೇಲೆ ಅವೆರಡೂ ಮಾತು ಬಿಟ್ಟವು.

ತೂಕದ ಲೆಕ್ಕ ಒಳಗೆ, ರಶೀದಿಯ ಯಂತ್ರ ಹೊರಗೆ.
ಆರಕ್ಕೆ ಬರ್ಚ್ ದಿಮ್ಮಿಗಳ ಸಾಲು ಬರುತ್ತದೆ,
ಚಾಲಕರು ಬರುತ್ತಾರೆ, ನಿದ್ದೆಗೆಟ್ಟ ಬಾಯಿಗಳು ಬರುತ್ತವೆ.

ಪಿಂಗ್ ಅಂದರೆ ಕದ ತಟ್ಟುವುದು, ಅಷ್ಟೇ.
ಹೊರಗಿನಿಂದ ರೀಗಾಕ್ಕೆ ತಟ್ಟಿದೆ: ಓಗೊಟ್ಟಿತು.
ಸಮುದ್ರದಾಚೆ ಸ್ಟಾಕ್‌ಹೋಮ್‌ಗೆ ತಟ್ಟಿದೆ: ಓಗೊಟ್ಟಿತು.
ಇದೇ ಡಬ್ಬಿಯೊಳಗೆ,
ಒಂದೇ ಫ್ಯಾನಿನ ಉಸಿರು ಉಸಿರಾಡುವ ಇದಕ್ಕೆ ತಟ್ಟಿದೆ:
ಸಮಯ ಮೀರಿತು.
ಸಮಯ ಮೀರಿತು.

ಕೇಬಲ್ ಕಿತ್ತೆ, ಒರೆಸಿದೆ, ಚುಚ್ಚಿದೆ.
ಆಮೇಲೆ ನೆನಪಾಯಿತು, ಇವೆರಡರ ನಡುವೆ ಕೇಬಲ್ಲೇ ಇಲ್ಲ.

ಅತಿಥಿಯ ವಿಳಾಸ ನೋಡಿದೆ:
ನೂರಾ ಅರವತ್ತೊಂಬತ್ತರಿಂದ ಶುರು.
ಯಾರೂ ವಿಳಾಸ ಕೊಡದಿದ್ದಾಗ
ತನಗೆ ತಾನೇ ಬರೆದುಕೊಳ್ಳುವ ವಿಳಾಸವಂತೆ ಅದು.
ಪಾಪ ಅನ್ನಿಸಿತು. ಒಂದು ನಿಮಿಷ.

ನಂತರ ಸೆಟ್ಟಿಂಗ್ಸು ತೆರೆದು 'ಸೇತುವೆ' ಆರಿಸಿದೆ.
ಹದಿನೇಳು ವರ್ಷ ಲಾರಿ ತೂಗುವ ಸೇತುವೆ ಕಾದವಳು,
ಇದೊಂದು ನನಗೆ ಹೊಸದೇ?
ಪೆಟ್ಟಿಗೆಯೊಂದು ತೆರೆದು ಏನೋ ಕೇಳಿತು, ಏನೋ ಒತ್ತಿದೆ.
ಬಂದರಿನ ರೂಟರು ಇಬ್ಬರಿಗೂ ಒಂದೇ ಬೀದಿಯಲ್ಲಿ ಮನೆ ಕೊಟ್ಟಿತು.
ರಶೀದಿಯ ಬೆನ್ನಿಗೆ ಬರೆದುಕೊಂಡೆ: ಅವನು ನಲವತ್ತು, ಇವನು ನಲವತ್ತೊಂದು.

ಒಳಗಿನವನು ತಟ್ಟಿದ, ಹೊರಗಿನವನು ನಾಲ್ಕು ಸಲ ಹೂಂ ಅಂದ.
ಹೊರಗಿನವನು ತಟ್ಟಿದ,
ಒಳಗೆ ಯಾರೂ ಇಲ್ಲದ ಹಾಗೆ.

ಮೂರೂವರೆಗೆ ತಾಲಿವಾಲ್ದಿಸ್ ಗಾಜು ಕುಟ್ಟಿದ,
ಯಾವತ್ತೂ ಎಲ್ಲರಿಗಿಂತ ಮೊದಲು ಬರುವವನು,
ಮನೆಯಲ್ಲಿ ಕಾಯುವವರಿಲ್ಲದವನು.
"ಆ ಇನ್ನೊಂದು ಯಂತ್ರ ದೂರವೇ, ಸ್ಕೈದ್ರೀತೆ?"
"ಇದರ ಒಳಗೇ ಇದೆ."
"ಹಾಗಾದರೆ ಜೋರಾಗಿ ಕೂಗು" ಅಂದ. ನಗಲಿಲ್ಲ.
ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಸುರಿದು ಕಿಂಡಿಯಲ್ಲಿ ತೂರಿಸಿದ.

ಆ ಬಿಸಿ ಕೈಯಲ್ಲಿರುವಾಗಲೇ ಹೊಳೆಯಿತು:
ನಾನೂ ಕೊಠಡಿಯೊಳಗಿದ್ದು
ಚಿಲಕ ಹಾಕಿಕೊಂಡೇ ಕೂತಿದ್ದೇನೆ.

ಫೈರ್‌ವಾಲ್. ಅದರ ಹಿಂದೆ, ನಾನು ಓದದೆ ಒತ್ತಿದ ಪ್ರಶ್ನೆ:
ನೀವು ಎಲ್ಲಿದ್ದೀರಿ?
ಮನೆ. ಕಚೇರಿ. ಸಾರ್ವಜನಿಕ ಸ್ಥಳ.

ಮೂರನೆಯದನ್ನು ಒತ್ತಿದ್ದೆ.
ಓದಿದ್ದರೂ ಅದನ್ನೇ ಒತ್ತುತ್ತಿದ್ದೆನೋ ಏನೋ.
ಊರಿಗೆಲ್ಲ ಕಾಣುವ ನಾಲ್ಕು ಗಾಜು,
ಲಿಥುವೇನಿಯಾದವರು, ಪೋಲೆಂಡಿನವರು, ಹೆಸರು ಹೇಳದವರು,
ಯಾರ ತೂಕವನ್ನೂ ಕೇಳಬಹುದಾದ ಈ ಕಿಂಡಿ
ಮತ್ತಿನ್ನೇನು?
ಯಂತ್ರ ನನ್ನ ಮಾತು ನಂಬಿತು.
ಸಂತೆಯಲ್ಲಿದ್ದೇನೆಂದು ತಿಳಿದು
ಗುರುತಿದ್ದವರಿಗೂ ಬಾಗಿಲು ತೆಗೆಯಲಿಲ್ಲ.

'ಮನೆ' ಅಂತ ಬದಲಿಸಿದೆ.
ಕೈ ಸ್ವಲ್ಪ ತಡೆಯಿತು, ನಿಜ.

ಉತ್ತರ. ಉತ್ತರ. ಉತ್ತರ. ಉತ್ತರ.
ಒಂದು ಮಿಲಿಸೆಕೆಂಡಿಗೂ ಕಡಿಮೆ.

ರಶೀದಿಯ ಯಂತ್ರ ರಾತ್ರಿಯೆಲ್ಲ ನುಂಗಿಕೊಂಡಿದ್ದನ್ನು
ಮೊಳಗಟ್ಟಲೆ ಕಕ್ಕಿತು.
ತಾಲಿವಾಲ್ದಿಸ್ ಲಾರಿಯನ್ನು ತಟ್ಟೆಯ ಮೇಲೆ ಹತ್ತಿಸಿದ:
ಮೂವತ್ತೆಂಟು ಟನ್ನು, ನೂರಿಪ್ಪತ್ತು ಕಿಲೋ.
ದಿಮ್ಮಿಗಳ ಮೇಲೆ ಒಂದು ಗೇಣು ಹಿಮ ಕೂತಿತ್ತು.
ಅದನ್ನು ಕಳೆಯಲು ತಂತ್ರಾಂಶದಲ್ಲಿ ಜಾಗವಿಲ್ಲ.
ಸೇರಿಸಿಯೇ ತೂಗಿದೆ.